ತಮ್ಮನ ಸದ್ದಿಲ್ಲದ ಸೈಕಲ್ಲು

ಪೇಟೆಯಲ್ಲಿ ದುಡ್ಡು ಕೊಟ್ಟರೆ ಸಿಗುವ ವಸ್ತುವನ್ನು ದುಡ್ಡು ಕೊಟ್ಟು ತರುವುದೇ ಅಪರಾಧ ಎಂದು ನಂಬಿದ ಮನುಷ್ಯನನ್ನು ನೀವು ನೋಡಿದ್ದೀರಾ? ನೋಡಿರಲಿಕ್ಕಿಲ್ಲ. ಅಂಥವನು ಭೂಮಿಯ ಮೇಲೆ ಒಬ್ಬನೇ ಇದ್ದ. ಅವನು ನನ್ನ ತಮ್ಮನಾಗಿದ್ದ.

ಆ ಬುಧವಾರ ಬೆಳಿಗ್ಗೆಯೂ ನಮ್ಮ ಮನೆಯಲ್ಲಿ ನಡೆದದ್ದು ಇದೇ ಜಗಳ. ಅವನು ಕಟ್ಟೆಯ ಮೇಲೆ ಕೂತು ಚಹಾದಲ್ಲಿ ಬಟರ್ ಬಿಸ್ಕೀಟು ಅದ್ದಿ ತಿನ್ನುತ್ತಿದ್ದ. ನಾನು ಅಂಗಳಕ್ಕೆ ನೀರು ಹೊಡೆಯುತ್ತಿದ್ದೆ. ಗೋಡೆಗೆ ಒರಗಿ ಅವನ ಸೈಕಲ್ಲು ನಿಂತಿತ್ತು.

"ಲೇ, ಇದಕ್ಕೊಂದು ಗಂಟಿ ಹಚ್ಚೋ ಅಂತ ಎಷ್ಟ ಸಲ ಹೇಳಬೇಕೋ ನಿನಗ? ಪ್ಯಾಟ್ಯಾಗ ಗಂಟಿ ಸಿಗೂದಿಲ್ಲೇನು?"

"ಸಿಗತೈತಿ."

"ಮತ್ತ ತರಾಕ ಏನ ಧಾಡಿ?"

"ಸಿಗತೈತಿ ಅಂತನ ತರೂದಿಲ್ಲ. ಮಾಡಾಕತ್ತೇನಿ, ತಡಿಯಕ್ಕಾ."

ಮಾಡಾಕತ್ತೇನಿ! ಈ ಒಂದು ಮಾತನ್ನು ಕೇಳಿ ಕೇಳಿಯೇ ನನ್ನ ತಲೆ ಬೆಳ್ಳಗಾದದ್ದು. ಬಕೀಟಿನಲ್ಲಿ ಉಳಿದ ನೀರನ್ನು ಅವನ ಕಾಲ ಬುಡಕ್ಕೇ ಹೊಡೆದೆ. ಅವನು ಕಾಲು ಮೇಲೆ ಎಳೆದುಕೊಂಡು, ಬಟರ್ ನೆನೆಯದಂತೆ ಎತ್ತಿ ಹಿಡಿದು ನಕ್ಕ. ಅದು ನಮ್ಮ ಮನೆಯ ಕೊನೆಯ ಮಾಮೂಲು ದಿನ. ಆಗ ನನಗದು ಗೊತ್ತಿರಲಿಲ್ಲ. ಗೊತ್ತಿದ್ದರೆ ನೀರು ಹೊಡೆಯುತ್ತಿರಲಿಲ್ಲ ಎಂದು ತಿಳಿಯಬೇಡಿ, ಹೊಡೆದೇ ಹೊಡೆಯುತ್ತಿದ್ದೆ.

ಗಂಟೆಯ ಮಾತು ತಿಳಿಯಬೇಕಾದರೆ ಸೈಕಲ್ಲಿನ ಮಾತು ತಿಳಿಯಬೇಕು. ಸೈಕಲ್ಲಿನ ಮಾತು ತಿಳಿಯಬೇಕಾದರೆ ನನ್ನ ತಮ್ಮನನ್ನು ತಿಳಿಯಬೇಕು. ಅದು ನನಗೂ ಪೂರ್ತಿ ಆಗಿಲ್ಲ. ಆದಷ್ಟು ಹೇಳುತ್ತೇನೆ.

ನಮ್ಮದು ಬನಹಟ್ಟಿ. ಓಣಿಯ ತುಂಬ ಕರೆಂಟಿನ ಮಗ್ಗಗಳು. ನಮ್ಮ ಓಣಿಯವರು ಮಾತಾಡುವುದನ್ನು ಕೇಳಿ ಪರವೂರಿನವರು ಜಗಳ ಬಿಡಿಸಲು ಓಡಿ ಬಂದದ್ದುಂಟು. ಮಗ್ಗದ ಸದ್ದು ಮೀರಿಸಿ ಮಾತಾಡಿ ರೂಢಿ, ಅಷ್ಟೆ. ನಾನು ಮದುವೆಯಾಗಿ ಹೋದ ಎರಡನೇ ವರ್ಷಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಅವ್ವ ಅಪ್ಪ ಹೋದ ಮೇಲೆ ಮನೆಯಲ್ಲಿ ಉಳಿದವರು ನಾವಿಬ್ಬರೇ. ನಾನು ಮನೆಯಲ್ಲಿ ಕೂತು ಮಗ್ಗಗಳಿಗೆ ಕಂಡಿಕೆ ಸುತ್ತುತ್ತೇನೆ, ಅಂದರೆ ಲಾಳಿಯೊಳಗೆ ಇಡುವ ಕಡ್ಡಿಗೆ ನೂಲು ಸುತ್ತುವ ಕೆಲಸ. ತಮ್ಮ ಕೆಟ್ಟ ಮಗ್ಗಗಳನ್ನು ರಿಪೇರಿ ಮಾಡುವ ಫಿಟ್ಟರ್. ಬನಹಟ್ಟಿ, ರಬಕವಿ ಎರಡೂ ಕಡೆಯ ಶೆಡ್ಡುಗಳಿಂದ ಅವನಿಗೆ ಕರೆ ಬರುತ್ತಿತ್ತು.

ಮಗ್ಗ ಕೆಟ್ಟರೆ ಬೇರೆ ಫಿಟ್ಟರುಗಳು ಮೊದಲು ನಟ್ಟು ಬಿಚ್ಚುವ ಪಾನಾ ತೆಗೆಯುತ್ತಾರೆ. ಇವನು ಮೊದಲು ನೆಲಕ್ಕೆ ಕೂತು, ಕಣ್ಣು ಮುಚ್ಚಿ, ಮಗ್ಗದ ಕಬ್ಬಿಣದ ಚೌಕಟ್ಟಿಗೆ ಕಿವಿ ಹಚ್ಚುತ್ತಿದ್ದ. ಎಷ್ಟು ಹೊತ್ತು? ಅವನಿಗೆ ಬೇಕಾದಷ್ಟು ಹೊತ್ತು! ಒಮ್ಮೆ ಹೊಸದಾಗಿ ಕೆಲಸಕ್ಕೆ ಸೇರಿದ ನೇಕಾರನೊಬ್ಬ ಇವನಿಗೆ ಏನೋ ಆಯಿತೆಂದು ಹೆದರಿ ಒಂದು ತಂಬಿಗೆ ನೀರನ್ನು ಮುಖಕ್ಕೆ ಎರಚಿದ್ದನಂತೆ. ಅಂದಿನಿಂದ ಶೆಡ್ಡಿನವರು ಹೊಸಬರಿಗೆ ಮೊದಲೇ ಹೇಳಿ ಇಡುತ್ತಿದ್ದರು: "ಅಂವಾ ಹಂಗ ಕುಂತ್ರ ಮುಟ್ಟಬ್ಯಾಡ್ರಿ. ಮಗ್ಗದ ಜೋಡಿ ಮಾತಾಡಾಕತ್ತಿರತಾನ."

ಕೊಳ್ಳದೆ ಮಾಡುವ ಹುಚ್ಚು ಯಾವಾಗ ಹತ್ತಿತೋ! ಹಳೆಯ ಮಗ್ಗದ ಮೋಟಾರಿನಿಂದ ಒಂದು ಫ್ಯಾನು ಮಾಡಿದ. ಗಾಳಿಯನ್ನೇನೋ ಕೊಡುತ್ತಿತ್ತು. ಆದರೆ ಹಚ್ಚಿದ ಕೂಡಲೇ ಗಡಗಡ ನಡುಗುತ್ತ ಅಡುಗೆಮನೆಯ ಕಡೆ ನಡೆಯಲು ಶುರು ಮಾಡುತ್ತಿತ್ತು. ಅದನ್ನು ಎಮ್ಮೆಯ ಹಗ್ಗದಿಂದ ಕಂಬಕ್ಕೆ ಕಟ್ಟಿ ಗಾಳಿ ತೆಗೆದುಕೊಳ್ಳುತ್ತಿದ್ದೆವು. ಮನೆಗೆ ಬಂದ ಬೀಗರು "ಇದು ಹಾಯತೈತೇನ್ರಿ?" ಎಂದು ಕೇಳಿ ದೂರ ಸರಿದು ಕೂಡುತ್ತಿದ್ದರು.

ಇಂಥವನ ಕಣ್ಣಿಗೆ ಒಂದು ದಿನ ಆ ಸೈಕಲ್ಲು ಬಿತ್ತು.

ಮಗ್ಗದ ಸಾಮಾನು ತರಲು ಜಮಖಂಡಿಗೆ ಹೋಗಿದ್ದ. ನಮ್ಮ ಕಡೆ ಸೈಕಲ್ ರೇಸಿನ ಹುಚ್ಚು ಬಹಳ. ತರುಣರು ನಸುಕಿನಲ್ಲೇ ಎದ್ದು ಡಾಂಬರು ರಸ್ತೆಯ ಮೇಲೆ ಬಾಗಿ ಹಾರುತ್ತಿರುತ್ತಾರೆ. ಅವರಲ್ಲಿ ಒಬ್ಬ ಕಬ್ಬಿನ ಟ್ರ್ಯಾಕ್ಟರಿಗೆ ದಾರಿ ಬಿಟ್ಟು ರಸ್ತೆಯ ಬದಿಗೆ ನಿಂತಿದ್ದನಂತೆ. ನಿಂತದ್ದೆಂದರೆ, ಸೈಕಲ್ಲಿನ ಮೇಲೆಯೇ, ಎರಡೂ ಕಾಲು ಪೆಡಲಿನ ಮೇಲೆ! ನೆಲಕ್ಕೆ ಕಾಲು ಊರಿಲ್ಲ, ಸೈಕಲ್ಲು ಬಿದ್ದಿಲ್ಲ. ಅದೇ ಗುಂಗಿನಲ್ಲಿ ತಮ್ಮ, ಕೊಂಡ ಸಾಮಾನನ್ನು ಬಸ್ಸಿನಲ್ಲೇ ಬಿಟ್ಟು ಮನೆಗೆ ಬಂದ.

"ಯಕ್ಕಾ, ಅದಕ್ಕ ಫ್ರೀವೀಲ ಇಲ್ಲ! ಗಾಲಿ ತಿರಗೂ ತನಕಾ ಪೆಡಲ್ ತಿರಗಬೇಕು. ಕಾಲ ನಿಂತ್ರ ಗಾಲಿ ನಿಂತು. ಬ್ರೇಕ ಬ್ಯಾಡ ಏನ ಬ್ಯಾಡ. ಹಿಂದ ತುಳದ್ರ ಹಿಂದ ಹೋಗತೈತಿ!"

"ಹಿಂದ ಏನ ಬಿಟ್ಟ ಬಂದೀ, ಹಿಂದ ಹೋಗಾಕ? ಸಾಮಾನ ಎಲ್ಲೈತಿ?"

ಆಗ ಅವನಿಗೆ ಬಸ್ಸಿನ ನೆನಪಾಯಿತು.

ಆ ತರುಣ ನೌಕರಿ ಸಿಕ್ಕಿ ಊರು ಬಿಡುವವನಿದ್ದ. ಸೈಕಲ್ಲು ಮಾರುತ್ತಾನೆಂದು ಸುದ್ದಿ ಬಂತು. ಮಾಡಲು ಕೂತರೆ ಏನಾಗುತ್ತದೆಂದು ಫ್ಯಾನು ನನಗೆ ಕಲಿಸಿತ್ತಲ್ಲ! ನಾನೇ ಡಬ್ಬಿಯಿಂದ ದುಡ್ಡು ತೆಗೆದು ಕೊಟ್ಟೆ. "ಹೋಗು, ತಗೊಂಡ ಬಾ, ಮುಗೀಲಿ," ಎಂದು ಬಸ್ಸಿಗೆ ಹತ್ತಿಸಿದೆ. ಸಂಜೆ ಬರಿಗೈಯಲ್ಲಿ ಬಂದ. ದುಡ್ಡನ್ನು ಡಬ್ಬಿಯಲ್ಲಿ ಇಟ್ಟ.

"ಯಾಕೋ?"

"ಆ ಸೈಕಲ್ಲು ಆ ಹುಡುಗನ ಕಾಲಿಗೆ ಕಲತೈತಿ, ಯಕ್ಕಾ. ನನ್ನ ಕಾಲ ಅದಕ್ಕ ಪರಕೀ."

"ಎಮ್ಮಿ ಕೊಂಡ ತರೂದಿಲ್ಲೇನು ಮಂದಿ? ಅದೂ ಇನ್ನೊಬ್ಬರ ಕೈಗೇ ಕಲತಿರತೈತಿ. ಹಾಲ ಕೊಡೂದಿಲ್ಲೇನು?"

"ಎಮ್ಮಿ ಮ್ಯಾಲ ಯಾರ ಕುಂಡರತಾರ?"

"ಕುಂತ್ರೂ ಅದು ಬ್ರೇಕ ಇಲ್ಲದ ನಿಲ್ಲತೈತಿ. ನಿನಗ ಅದನ್ನ ತರಬೇಕಿತ್ತು!"

ಈಗ ವಿಚಾರ ಮಾಡಿದರೆ ಕೊಳ್ಳುವುದರಲ್ಲಿ ಒಂದು ದೊಡ್ಡ ಲಾಭವಿತ್ತು. ಕೊಂಡ ಸೈಕಲ್ಲಿನಲ್ಲಿ, ಯಾವುದು ಎಲ್ಲಿ ಬಿಚ್ಚಿ ಬೀಳುತ್ತದೆ ಎಂಬುದನ್ನು ಬೇರೆ ಯಾರೋ ಮೊದಲೇ ಬಿದ್ದು ಕಂಡುಹಿಡಿದಿರುತ್ತಾರೆ. ಮಾಡಿದ ಸೈಕಲ್ಲಿನಲ್ಲಿ ಬೀಳುವ ಕೆಲಸವೂ ನಮ್ಮದೇ.

ಅಪ್ಪನ ಎತ್ತರದ ಕರಿ ಸೈಕಲ್ಲು ಹಿತ್ತಲಲ್ಲಿತ್ತು. ರಬಕವಿ ಪೇಟೆಯಿಂದ ನೂಲಿನ ಗಂಟು ಹೇರಿ ಹೇರಿ ನಡು ಗಟ್ಟಿಯಾದ ಸೈಕಲ್ಲು. ತಮ್ಮ ಅದರ ಬ್ರೇಕು, ಮಡ್‌ಗಾರ್ಡು, ಕ್ಯಾರಿಯರ್, ಸ್ಟ್ಯಾಂಡು, ಚೈನಿನ ಕವರು, ಕೊನೆಗೆ ಗಂಟೆಯನ್ನೂ ಬಿಚ್ಚಿ ಗುಜರಿಗೆ ಹಾಕಿದ. ಪಕ್ಕದ ಮನೆಯ ಗಂಗವ್ವ ಗೋಡೆಯ ಮೇಲಿಂದ ಇಣುಕಿದಳು.

"ಅಯ್ಯ, ಕಳ್ಳರು ಯಾವಾಗ ಬಂದಿದ್ರ ಬೇ?"

ಸೈಕಲ್ ಅಂಗಡಿಯ ಚಾಚಾನ ಮುಂದೆ ಹಿಂದಿನ ಗಾಲಿಯ ಹಲ್ಲಿನ ಚಕ್ರ, ಅದೇ ಫ್ರೀವೀಲು, ಇಟ್ಟು, ಇದು ತಿರುಗದಂತೆ ವೆಲ್ಡಿಂಗ್ ಮಾಡಿಸಿಕೊಡು ಎಂದು ಕೇಳಿದನಂತೆ. ಚಾಚಾ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಹೇಳಿದನಂತೆ: "ಮಂದಿ ಜಾಮ್ ಆಗೇತಿ ಬಿಡಸ್ರಿ ಅಂತ ಬರತಾರ. ಛಲೋ ಇದ್ದದ್ದನ್ನ ಜಾಮ್ ಮಾಡಸಾಕ ಬಂದಾಂವ ನೀನ ಮೊದಲ್ನೇದಾಂವ ನೋಡಪಾ."

ಒಂದೇ ಒಂದು ತೊಡಕು ಉಳಿಯಿತು. ಆ ಹಲ್ಲಿನ ಚಕ್ರ ಗಾಲಿಗೆ ತಿರುಪಿನ ಮೇಲೆ ಕೂಡುತ್ತದೆ. ಮುಂದೆ ತುಳಿದಷ್ಟೂ ಬಿಗಿಯಾಗುತ್ತದೆ, ನಿಜ. ಆದರೆ ನಿಲ್ಲಿಸಲು ಕಾಲನ್ನು ಹಿಂದಕ್ಕೆ ಒತ್ತಿದರೆ ಅದೇ ತಿರುಪು ಬಿಚ್ಚುತ್ತದೆ. ಅದನ್ನು ತಡೆಯುವ ಉಪಾಯ ಜಮಖಂಡಿಯ ಸೈಕಲ್ಲಿನಲ್ಲಿತ್ತು. ಇವನು ಅಲ್ಲಿ ಗಾಲಿಗೆ ಕಿವಿ ಹಚ್ಚಿ ಕೂತಿದ್ದನಂತೆ; ಕಣ್ಣು ತೆರೆದು ನೋಡಿರಲಿಲ್ಲ!

ಈಗ ಏನು ಮಾಡುವುದು? ಬೇರೆ ಊರಿನವನಾಗಿದ್ದರೆ ಕಬ್ಬಿಣಕ್ಕೆ ಕಬ್ಬಿಣವನ್ನೇ ಹುಡುಕುತ್ತಿದ್ದ. ನಾವು ನೂಲಿನಲ್ಲಿ ಹುಟ್ಟಿದವರು. ನಮ್ಮಲ್ಲಿ ಬಾಗಿಲು ಬಡಿದುಕೊಂಡರೂ ನೂಲು, ಚಪ್ಪಲಿ ಹರಿದರೂ ನೂಲು. ತಮ್ಮ ನನ್ನ ಬುಟ್ಟಿಯಿಂದ ನೂಲು ಎಳೆದು, ತಿರುಪಿನ ಗೆರೆಗೆರೆಯಲ್ಲೂ ಒತ್ತಾಗಿ ಸುತ್ತಿ, ಹಾಸಿನ ನೂಲಿಗೆ ಹಾಕುವ ಗಂಜಿಯನ್ನೇ ಮಂದವಾಗಿ ಕಾಸಿ ಬಳಿದು, ಚಕ್ರ ತಿರುಗಿಸಿ ಕೂಡಿಸಿ, ಬಿಸಿಲಿಗೆ ಇಟ್ಟ. ಬನಹಟ್ಟಿಯ ಬಿಸಿಲು! ಗಂಜಿ ಕಲ್ಲಾಯಿತು. ಆ ಬೇಸಿಗೆಯೆಲ್ಲ ಸೈಕಲ್ಲು ಹೇಳಿದಂತೆ ಕೇಳಿತು. ಮುಂದೆ ಅಂದರೆ ಮುಂದೆ, ನಿಲ್ಲು ಅಂದರೆ ನಿಲ್ಲು. ಮುಧೋಳಕ್ಕೆ ಹೋಗಿ ಬಂದ. ಲೋಕಾಪುರಕ್ಕೆ ಹೋಗಿ ಬಂದ. ನನ್ನ ಮುಂದೆ ಸೈಕಲ್ಲಿನ ಮೇಲೆ ನಿಂತಲ್ಲೇ ನಿಂತು ಚಹಾ ಕುಡಿದ. ನಾನೂ ಸ್ವಲ್ಪ ಸೋತೆ ಎನ್ನಿ.

ಆಮೇಲೆ ಸಾವಳಗಿಯ ಕನ್ಯಾ ನೋಡುವ ದಿನ ಬಂತು.

ನಾನು ಮುಂಜಾನೆಯ ಬಸ್ಸಿಗೆ ಹೋಗಿ ಅವರ ಮನೆಯಲ್ಲಿ ಕೂತೆ. ಹುಡುಗಿ ಲಕ್ಷಣವಾಗಿದ್ದಳು. "ತಮ್ಮ ಸೈಕಲ್ ಮ್ಯಾಲ ಬರಾಕತ್ತಾನ್ರಿ, ವ್ಯಾಯಾಮ ಅಂದ್ರ ಭಾಳ ಆಸೆ ಅವಂಗ," ಎಂದು ಹೆಮ್ಮೆಯಿಂದ ಹೇಳಿದೆ. ತಿನ್ನಲು ಚೂಡಾ ಕೊಟ್ಟರು. ಹೊರಗೆ ಆ ವರ್ಷದ ಮೊದಲ ಮಳೆ ಜಿನುಗತೊಡಗಿತು. ನನಗೆ ಮಳೆ ಕಂಡಿತೇ ಹೊರತು ಗಂಜಿಯ ನೆನಪಾಗಲಿಲ್ಲ.

ಅವರ ಓಣಿ ಇಳಿಜಾರು. ತೆರೆದ ಬಾಗಿಲಿನಲ್ಲಿ ಬಿಳಿ ಅಂಗಿಯ ಒಬ್ಬ ಮನುಷ್ಯ ಎರಡೂ ಚಪ್ಪಲಿಗಳನ್ನು ನೆಲಕ್ಕೆ ಉಜ್ಜುತ್ತ ಸರ್ರನೆ ಹಾದು ಹೋದ.

"ಅವರ ಏನ್ರಿ?" ಎಂದಳು ಹುಡುಗಿಯ ತಾಯಿ.

"ಅಲ್ರಿ," ಎಂದೆ.

ಇಳಿದು ಸೈಕಲ್ಲು ತಳ್ಳಿಕೊಂಡು ಬರಬಹುದಿತ್ತಲ್ಲವೇ? ಕನ್ಯಾ ನೋಡಲು ಬಂದ ಗಂಡು ಸೈಕಲ್ಲು ತಳ್ಳುತ್ತ ಬಂದರೆ ಮರ್ಯಾದೆ ಏನು ಉಳಿಯಿತು! ಹಿಂದಿನ ಓಣಿಯಿಂದ ಸುತ್ತು ಹಾಕಿ ಮತ್ತೆ ಮೇಲಿನಿಂದಲೇ ಬಂದ. ಮತ್ತೆ ಸರ್ರನೆ ಹಾದ. ಈ ಸಲ ಬಾಗಿಲ ಕಡೆ ತಿರುಗಿ "ಬಂದೆ!" ಎಂದು ಕೂಗಿಕೊಂಡೇ ಹೋದ.

"ಹೌದ್ರಿ," ಎಂದೆ.

ಮೂರನೆಯ ಸಲ ಹುಡುಗಿಯ ಸೋದರಮಾವ ಓಣಿಯ ನಡುವೆ ಕೈ ಅಗಲಿಸಿ, ಬೆದರಿದ ಹೋರಿಯನ್ನು ತಡೆಯುವವನಂತೆ ನಿಂತ. ಇಬ್ಬರೂ ಕೂಡಿ ಸಗಣಿಯ ಕುಪ್ಪೆಗೆ ಹೋದರು. ತಿರುಗಿ ಬರುವಾಗ ಬಸ್ಸಿನಲ್ಲಿ ತಮ್ಮ ನನ್ನ ಪಕ್ಕದಲ್ಲಿ ಕೂತಿದ್ದ, ಸೈಕಲ್ಲು ಮೇಲೆ ಟಾಪಿನಲ್ಲಿತ್ತು. ಹೊಳೆ ದಾಟುವವರೆಗೆ ಅಂಗಿಗೆ ಹತ್ತಿದ ಸಗಣಿ ಕೆರೆದ. ಆಮೇಲೆ ಹೇಳಿದ: "ಗಂಜಿಗೆ ಸ್ವಲ್ಪ ಮೇಣ ಕೂಡಸಬೇಕಿತ್ತು."

ಹೆಣ್ಣಿನವರು ಹೇಳಿ ಕಳಿಸಿದ ಮಾತು ಇಷ್ಟೆ: "ಹುಡುಗ ಛಲೋ ಅದಾನ್ರಿ, ಆದ್ರ ನಿಲ್ಲೂದಿಲ್ಲ." ಮುಂದೆ ಅವನು ಎಲ್ಲೂ ಕನ್ಯಾ ನೋಡಲು ಹೋಗಲಿಲ್ಲ. "ನನಗ ನೀ ಇದ್ದೀ, ನಿನಗ ನಾ ಅದೇನಿ, ಮನಿಯಾಗ ಜಾಗಾ ಎಲ್ಲೈತಿ?" ಎನ್ನುತ್ತಿದ್ದ. ಜಾಗ ಬೇಕಾದಷ್ಟಿತ್ತು.

ಕೊನೆಗೆ ರಬಕವಿಯ ಲೇಥ್ ಅಂಗಡಿಯಲ್ಲಿ ಹಳೆಯ ಮಗ್ಗದ ಉಕ್ಕಿನಿಂದ, ಉಲ್ಟಾ ತಿರುಪು ಇರುವ ಒಂದು ಬಳೆ ಕೊರೆಸಿ, ಆ ಚಕ್ರದ ಬೆನ್ನಿಗೆ ಬಿಗಿದ. ಚಕ್ರ ಬಿಚ್ಚಲು ಹೋದರೆ ಬಳೆ ಬಿಗಿಯುತ್ತದೆ. ಬರೋಬರಿ ಒಂದು ವರ್ಷ ಹಿಡಿಯಿತು. "ಕನ್ಯಾಕ್ಕ ಬಳಿ ಇಡಸೋ ಅಂದ್ರ ಗಾಲಿಗೆ ಇಡಿಸಿದೆಲ್ಲೋ," ಎಂದೆ. ಅವನು ಗಾಲಿ ತಿರುಗಿಸಿ ಕಿವಿ ಹಚ್ಚಿ, "ಕೇಳಿಲ್ಲೆ, ಏನರ ಸದ್ದೈತೇನು?" ಎಂದ. ಏನೂ ಇರಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ ನನ್ನ ಸಂಕಟ.

ಸಂಜೆ ಕರೆಂಟು ತೆಗೆದ ಕೂಡಲೇ ಮಗ್ಗಗಳೆಲ್ಲ ಒಮ್ಮೆಲೇ ನಿಲ್ಲುತ್ತವೆ. ಓಣಿಗೆ ಓಣಿಯೇ ಸುಮ್ಮನಾಗುತ್ತದೆ. ಆಗ ಒಬ್ಬೊಬ್ಬರೇ ಮನೆಗೆ ಬರುತ್ತಾರೆ. ಮನೆ ಹತ್ತಿರ ಬಂತೆಂದು ತುಳಿಯುವುದನ್ನು ಬಿಟ್ಟಾಗ ಸೈಕಲ್ಲು ಟಿಕ್ ಟಿಕ್ ಟಿಕ್ ಎನ್ನುತ್ತದಲ್ಲ, ಆ ಫ್ರೀವೀಲಿನ ಸದ್ದು ಕೇಳಿಯೇ ನಮ್ಮ ಓಣಿಯ ಹೆಂಗಸರು ಒಲೆಯ ಮೇಲೆ ಚಹಾ ಇಡುತ್ತಾರೆ. ಯಾರದು ಯಾವ ಟಿಕ್ ಎಂದು ಕೂಡ ಗೊತ್ತು. ಗಂಗವ್ವನ ಗಂಡನದು ದಪ್ಪ ಟಿಕ್, ನಡುನಡುವೆ ಒಂದು ಹಲ್ಲು ತಪ್ಪುತ್ತದೆ.

ನನ್ನ ತಮ್ಮನದು ಟಿಕ್ ಇಲ್ಲ, ಟಕ್ ಇಲ್ಲ! ನಾನು ಕಂಡಿಕೆ ಸುತ್ತುತ್ತಿದ್ದರೆ ಬೆನ್ನ ಹಿಂದಿನಿಂದ "ಹಸಿವಾಗೇತಿ" ಎಂಬ ದನಿ. ಹಾಲು ಇಳಿಸುತ್ತಿದ್ದರೆ ಕಿವಿಯ ಹತ್ತಿರ "ಕೆನಿ ನನಗ". ಎಷ್ಟು ಹಾಲು ಒಲೆಗೆ ಹೋಯಿತೋ ಲೆಕ್ಕವಿಲ್ಲ. ಬೆಕ್ಕು ಕೂಡ ಅವನನ್ನು ಕಂಡರೆ ಬೆಚ್ಚುತ್ತಿತ್ತು.

ಆದರೆ ಹೆದರಿಕೆಯ ಮಾತು ಅವನ ಮುಂದೆ ಹೇಳಲು ಮಾತ್ರ. ಬೇರೆಯವರ ಮನೆಗೆ ದಿನಕ್ಕೆ ಹತ್ತು ಜನ ಬರುತ್ತಾರೆ. ನಮ್ಮ ಮನೆಗೆ ಬರುವವನು ಒಬ್ಬ. ಅವನು ಓಣಿಯ ತಿರುವಿನಲ್ಲಿ ಇರುವಾಗಲೇ ಬರುತ್ತಿದ್ದಾನೆಂದು ನನಗೆ ಗೊತ್ತಾಗಬೇಕು, ನಾನೂ ಎದ್ದು ಚಹಾ ಇಡಬೇಕು ಎಂಬ ಆಸೆ ದೊಡ್ಡದೇನು?

ಅದಕ್ಕೇ ಗಂಟೆ. ಅವನು ಮಾಡಲು ಕೂತ. ನಾನು ಸಾರು ಕುಡಿಯುವ ಸ್ಟೀಲಿನ ವಾಟಗದಿಂದ ಒಂದು ಮಾಡಿದ. ಬಾರಿಸಿದರೆ ಯಾರೋ ವಾಟಗ ಬೀಳಿಸಿದಂತೆ ಕೇಳಿತು. ಆಮೇಲೆ ಬೀಳಗಿ ಕಡೆಯಿಂದ ಕುರಿಗಾರರು ಬಂದರು. ಅಣೆಕಟ್ಟಿನ ಹಿನ್ನೀರು ಬಂದು ಮೇಯಿಸುವ ಹೊಲಗಳು ಮುಳುಗಿದ ಮೇಲೆ ಅವರು ಹಿಂಡು ಹೊಡೆದುಕೊಂಡು ಈ ಕಡೆಗೂ ಬರುತ್ತಿದ್ದರು. ಅವರ ಮುಂದಾಳು ಟಗರಿನ ಕೊರಳ ಗಂಟೆಯ ದನಿ ಇವನಿಗೆ ಹಿಡಿಸಿತು. ಅಂಥದೇ ಒಂದನ್ನು ಅವರ ಕಡೆಯಿಂದ ಮಾಡಿಸಿಕೊಂಡು ಹ್ಯಾಂಡಲಿಗೆ ಕಟ್ಟಿದ. ಆ ಸಂಜೆ ನನಗೆ ಓಣಿಯ ತಿರುವಿನಲ್ಲೇ ಗಂಟೆ ಕೇಳಿತು. ಖುಷಿಯಿಂದ ಚಹಾ ಇಟ್ಟೆ. ಹೊರಗೆ ಬಂದು ನೋಡಿದರೆ ತಮ್ಮ ಮುಂದೆ, ಅವನ ಹಿಂದೆ ಓಣಿ ತುಂಬಿ ಕುರಿಗಳ ಹಿಂಡು, ಅದರ ಹಿಂದೆ ಕಂಬಳಿ ಹೊತ್ತ ಕುರಿಗಾರ ಉಬ್ಬಸ ಬಿಡುತ್ತ ಓಡಿ ಬರುತ್ತಿದ್ದ.

"ಏ ಯಪ್ಪಾ, ನಿಲ್ಲೋ ಮಾರಾಯಾ! ಬೀರಪ್ಪನ ಆಣಿ, ನಿನ್ನ ಟಗರ ಅಂತ ತಿಳದ ಬೆನ್ನ ಹತ್ಯಾವು!"

ಗಂಗವ್ವನ ಅಂಗಳದಲ್ಲಿ ಒಣ ಹಾಕಿದ್ದ ಜೋಳವನ್ನು ಅವು ತಿಂದು ಮುಗಿಸಿದ ಮೇಲೆ ಆ ಗಂಟೆಯೂ ಹೋಯಿತು.

ನಾನು ಸಾಕಾಗಿ ಒಂದು ದಿನ ಮುಧೋಳಕ್ಕೆ ಹೋದಾಗ ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಥಳಥಳ ಹೊಳೆಯುವ ಗಂಟೆ ಕೊಂಡು ತಂದು ಅವನ ಮುಂದೆ ಇಟ್ಟೆ. ಅವನು ಅದನ್ನು ಬಾರಿಸಿದ. ಕಿವಿ ಹಚ್ಚಿ ಪೂರ್ತಿ ಕೇಳಿದ. ಮತ್ತೆ ನನ್ನ ಕೈಗೆ ಕೊಟ್ಟ.

"ಏನಾಗೇತಿ ಇದಕ್ಕ?"

"ಏನಾಗಿಲ್ಲ. ಊರ ಮಂದಿ ಸೈಕಲ್ಲಿಗೆಲ್ಲಾ ಇದ ಗಂಟಿ ಐತಿ, ಯಕ್ಕಾ. ಇದು ಬಾರಿಸಿದ್ರ ಯಾರೋ ಬಂದ್ರು ಅಂತ ಗೊತ್ತಾಕ್ಕೈತಿ. ನಾ ಬಂದೆ ಅಂತ ಹೆಂಗ ಗೊತ್ತಾಗಬೇಕು ನಿನಗ?"

ಆಗ ನನಗದು ಅವನ ಇನ್ನೊಂದು ನೆಪ ಅನ್ನಿಸಿತು. ಬೈದು ಗಂಟೆಯನ್ನು ಗೋಡೆಯ ಗೂಡಿನಲ್ಲಿ ಇಟ್ಟೆ.

ಆ ಬುಧವಾರ ಬಟರ್ ತಿಂದು, ಕಾಲು ಒರೆಸಿಕೊಂಡು, "ಸಂಜಿಗೆ ಗಂಟಿ ಕೇಳ ನೀ," ಎಂದು ಹೇಳಿ ಹೋದ. ಹೋದದ್ದೂ ಕೇಳಲಿಲ್ಲ.

ರಬಕವಿಯ ಒಂದು ಶೆಡ್ಡಿನಲ್ಲಿ ಮಧ್ಯಾಹ್ನ ಒಂದು ಮಗ್ಗದ ಪಕ್ಕ ನೆಲಕ್ಕೆ ಕೂತು, ಕಣ್ಣು ಮುಚ್ಚಿ, ಚೌಕಟ್ಟಿಗೆ ತಲೆ ಆನಿಸಿದನಂತೆ. ಸುತ್ತಲೂ ಉಳಿದ ಮಗ್ಗಗಳು ನಡೆದೇ ಇದ್ದವು. ಅವನು ಕೂಗಿದನೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಯಾರೂ ಮುಟ್ಟಲಿಲ್ಲ. ಕರೆಂಟು ಹೋಗಿ ಮಗ್ಗಗಳು ನಿಂತು, ಎಲ್ಲರೂ ಬುತ್ತಿ ಗಂಟು ಎತ್ತಿಕೊಂಡು ಹೊರಟಾಗ, ಇವನು ಮಾತ್ರ ನಿಂತ ಮಗ್ಗಕ್ಕೆ ಕಿವಿ ಹಚ್ಚಿಯೇ ಕೂತಿದ್ದನಂತೆ. ಹೃದಯ ನಿಂತಿದೆ, ಆಗಲೇ ಬಹಳ ಹೊತ್ತಾಗಿದೆ ಎಂದು ಡಾಕ್ಟರು ಹೇಳಿದರು. ನಾನು ಶೆಡ್ಡಿನವರನ್ನು ಬೈಯಲಿಲ್ಲ. ನಾನು ಅಲ್ಲಿದ್ದರೂ ಮುಟ್ಟುತ್ತಿರಲಿಲ್ಲ.

ಮಣ್ಣು ಮಾಡಿದ ಮೇಲೆ, ಶೆಡ್ಡಿನ ಹಿರಿಯ ನೇಕಾರನೊಬ್ಬ ಸೈಕಲ್ಲನ್ನು ರಬಕವಿಯಿಂದ ತಳ್ಳಿಕೊಂಡೇ ಬಂದ. ತಳ್ಳಿದರೂ ಅದರ ಪೆಡಲುಗಳು ತಿರುಗುತ್ತವೆ. ಯಾರೂ ತುಳಿಯದೆ, ಮೇಲೆ ಕೆಳಗೆ, ಮೇಲೆ ಕೆಳಗೆ, ಅವು ತಿರುಗುತ್ತಲೇ ಓಣಿಯಲ್ಲಿ ಬಂದವು.

"ಹತ್ತಿ ಬರಬೇಕಿತ್ತಲ್ರಿ, ಅಷ್ಟ ದೂರದಿಂದ," ಎಂದೆ.

"ಹತ್ತಿ ನೋಡಿದ್ನಿ ತಂಗೀ. ಕಾಲ ಇಡಾಕ ಕೊಡವಲ್ದು, ಒದಿಯತೈತಿ," ಎಂದು ಅವನು ಮೊಣಕಾಲ ಕೆಳಗಿನ ಗಾಯ ತೋರಿಸಿದ.

ನನಗೆ ನಗು ಬಂತು. ಅವನ ಮುಂದೆ ನಗಬಾರದೆಂದು ಒಳಗೆ ಹೋದೆ.

ಸೈಕಲ್ಲಿಗೆ ತೂಗುಹಾಕಿದ ಚೀಲದಲ್ಲಿ ಪಾನಾಗಳಿದ್ದವು, ಕಬ್ಬಿಣ ತಿಕ್ಕುವ ಅರವಿತ್ತು, ಒಂದು ಉಂಡೆ ನೂಲಿತ್ತು. ಎಲ್ಲವನ್ನೂ ನೆಲದ ಮೇಲೆ ಹರವಿ ನೋಡಿದೆ. ಗಂಟೆ ಇರಲಿಲ್ಲ. ಶೆಡ್ಡುಗಳಲ್ಲಿ ಕೇಳಿದೆ, ಲೇಥ್ ಅಂಗಡಿಯಲ್ಲಿ, ಚಾಚಾನ ಹತ್ತಿರ ಕೇಳಿದೆ. ಯಾರೂ ನೋಡಿರಲಿಲ್ಲ. ಮಾಡಿದ್ದನೋ, ಮಾಡುವವನಿದ್ದನೋ, ನನ್ನನ್ನು ಸುಮ್ಮನಾಗಿಸಲು ಹೇಳಿದ್ದನೋ, ತಿಳಿಯಲಿಲ್ಲ.

ಈಗಲೂ ಸಂಜೆ ಕರೆಂಟು ಹೋಗುತ್ತದೆ, ಮಗ್ಗಗಳು ನಿಲ್ಲುತ್ತವೆ. ಗಂಗವ್ವನ ಗಂಡ ಹಲ್ಲು ತಪ್ಪಿಸುತ್ತ ಟಿಕ್ ಟಿಕ್ ಎಂದು ಬರುತ್ತಾನೆ. ಅವನ ಹಿಂದೆ ಉಳಿದವರು. ಒಂದೊಂದೇ ಬಾಗಿಲು ಹಾಕಿಕೊಳ್ಳುತ್ತದೆ. ಆಮೇಲೆ ಓಣಿಯಲ್ಲಿ ಯಾವ ಸದ್ದೂ ಇರುವುದಿಲ್ಲ. ನನ್ನ ತಮ್ಮ ಬರುವಾಗಲೂ ಸರಿಯಾಗಿ ಹೀಗೆಯೇ ಇರುತ್ತಿತ್ತು. ಹಾಲು ಇಳಿಸುವಾಗ ನಾನು ಇನ್ನೂ ಒಮ್ಮೆ ಹಿಂದೆ ತಿರುಗಿ ನೋಡುತ್ತೇನೆ.

ಮುಧೋಳದಿಂದ ತಂದ ಗಂಟೆ ಗೂಡಿನಲ್ಲೇ ಇದೆ. ಸೈಕಲ್ಲು ಗೋಡೆಗೆ ಒರಗಿ ನಿಂತಿದೆ, ವಾರಕ್ಕೊಮ್ಮೆ ಒರೆಸಿ ಎಣ್ಣೆ ಬಿಡುತ್ತೇನೆ. ಅವನು ಬೇಕೆಂದದ್ದೆಲ್ಲ ಅದಕ್ಕೆ ಇದೆ. ಗಂಟೆ ಮಾತ್ರ ಇನ್ನೂ ಇಲ್ಲ.